ಖಾಲಿ ಡಬ್ಬದಲ್ಲಿ ಖಾರದ ಮೆಣಸಿನ್ಕಾಯಿ: ಯಾವ ಡಬ್ಬಕ್ಕೆ ಎಷ್ಟು ಮಾರ್ಕ್ಸು

ಕುಂಡಗಳ ಬಗ್ಗೆ ರಿವ್ಯೂ ಬೇಕಾದಷ್ಟು ಸಿಗತ್ತೆ, ಆದ್ರೆ ಎಣ್ಣೆ ಖಾಲಿಯಾದ ಕ್ಯಾನು, ಕೂಲ್‌ಡ್ರಿಂಕ್ಸ್ ಬಾಟ್ಲಿ, ಮೊಸರಿನ ಡಬ್ಬ, ಜ್ಯೂಸ್ ಪ್ಯಾಕೆಟ್ಟು ಇವಕ್ಕೆಲ್ಲ ಯಾರೂ ಸರಿಯಾಗಿ ಮಾರ್ಕ್ಸ್ ಕೊಡಲ್ಲ. ಹೇಗೂ ಬಿಟ್ಟಿ ಸಿಕ್ಕಿದ್ದು, ಅದ್ರಲ್ಲೇನು ಒಳ್ಳೇದು ಕೆಟ್ಟದ್ದು ಅನ್ನೋ ಹಾಗೆ. ವಿಡಿಯೋಗಳಲ್ಲಂತೂ ಎಲ್ಲ ಡಬ್ಬದಲ್ಲೂ ಎಲ್ಲ ಗಿಡಾನೂ ಬೆಳಿಯತ್ತೆ, ಮೊದಲ ನಿಮಿಷ ಬಾಟ್ಲಿ ಕತ್ತರಿಸ್ತಾರೆ, ಕೊನೇ ನಿಮಿಷ ಕೆಂಪು ಕಾಯಿ ಗೊಂಚಲು ತೋರಿಸ್ತಾರೆ, ಮಧ್ಯದ ಮೂರು ತಿಂಗಳು ಏನಾಯ್ತು ಅಂತ ಕೇಳಂಗಿಲ್ಲ. ಹಾಗಾಗಿ ಇಲ್ಲಿ ಒಂದೊಂದು ಡಬ್ಬಾನೂ ದುಡ್ಡು ಕೊಟ್ಟು ತಂದ ಸಾಮಾನಿನ ಥರಾನೇ ನೋಡಿ ಮಾರ್ಕ್ಸ್ ಕೊಡ್ತೀನಿ. ಬೆಳೆ ಒಂದೇ, ಖಾರದ ಮೆಣಸಿನ್ಕಾಯಿ. ಟೊಮ್ಯಾಟೋ ಬದನೆಗೆ ಇದೇ ಲೆಕ್ಕ ಹಾಕ್ಬೇಡಿ, ಇಕ್ಕಟ್ಟಿನ ಜಾಗದಲ್ಲಿ ಅವುಗಳಿಗಿಂತ ಮೆಣಸಿನ ಗಿಡ ಚೆನ್ನಾಗಿ ತಡ್ಕೊಳತ್ತೆ.

ಮಾರ್ಕ್ಸ್ ಕೊಡೋಕೆ ನಾನು ನೋಡೋದು ಮುಖ್ಯವಾಗಿ ಮೂರು ವಿಷ್ಯ: ಡಬ್ಬ ಎಷ್ಟು ಎತ್ತರ, ಒಳಗೆ ಬೆಳಕು ಹೋಗತ್ತಾ, ಬಿಸಿಲಿಗೆ ಎಷ್ಟು ಕಾಯತ್ತೆ. ತೂತು ಇರ್ಲೇಬೇಕು ಅನ್ನೋದು ಎಲ್ರಿಗೂ ಗೊತ್ತಿರೋದೇ, ಆದ್ರೆ ಎತ್ತರದ ವಿಷ್ಯ ಯಾಕೋ ಯಾರೂ ಮಾತಾಡಲ್ಲ, ಅಸಲಿ ಆಟ ಇರೋದೇ ಅಲ್ಲಿ. ಡಬ್ಬಕ್ಕೆ ನೀರು ಹಾಕಿ, ಪೂರ್ತಿ ಸೋರಿ ನಿಂತ್ಮೇಲೂ ತಳದಲ್ಲಿ ಒಂದು ಪದರ ಮಣ್ಣು ಚಪ್ಪಚಪ್ಪ ಅನ್ನೋಷ್ಟು ನೆಂದೇ ಇರತ್ತೆ, ತೂತು ಎಷ್ಟೇ ಇರ್ಲಿ. ಆ ಪದರ ಎಷ್ಟು ದಪ್ಪ ಅನ್ನೋದು ಮಣ್ಣಿನ ಗುಣದ ಮೇಲೆ ಹೋಗತ್ತೇ ಹೊರತು ಡಬ್ಬದ ಸೈಜಿನ ಮೇಲಲ್ಲ. ಈಗ ಆ ಪದರ 4 ಸೆಂಟಿಮೀಟರ್ ಅಂತ ಇಟ್ಕೊಳಿ, 8 ಸೆಂಟಿಮೀಟರ್ ಎತ್ತರದ ಡಬ್ಬದಲ್ಲಿ ಅರ್ಧಕ್ಕರ್ಧ ಕೆಸರು, 24 ಸೆಂಟಿಮೀಟರ್ ಕ್ಯಾನಲ್ಲಿ ಆರರಲ್ಲಿ ಒಂದೇ ಪಾಲು. ನಂಬಿಕೆ ಇಲ್ಲ ಅಂದ್ರೆ ಪಾತ್ರೆ ಉಜ್ಜೋ ಸ್ಪಂಜನ್ನ ಪೂರ್ತಿ ನೆನಸಿ ಅಡ್ಡಡ್ಡ ಹಿಡಿರಿ, ತೊಟ್ಟಿಕ್ಕೋದು ನಿಂತ್ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಸುರಿಯೋಕೆ ಶುರುವಾಗತ್ತೆ. ಸ್ಪಂಜು ಅದೇ, ತೂತೂ ಅವೇ, ಬದಲಾಗಿದ್ದು ಎತ್ತರ ಮಾತ್ರ. ತಳಕ್ಕೆ ಜಲ್ಲಿಕಲ್ಲು, ಹೆಂಚಿನ ಚೂರು ತುಂಬೋದರಿಂದ ಇದು ಸರಿಹೋಗಲ್ಲ, ಕೆಸರಿನ ಪದರ ಕಲ್ಲಿನ ಮೇಲಕ್ಕೆ ಶಿಫ್ಟ್ ಆಗತ್ತೆ ಅಷ್ಟೇ, ಬೇರಿಗೆ ಸಿಗೋ ಜಾಗ ಇನ್ನೂ ಕಮ್ಮಿ.

ಇನ್ನು ಸೈಜು. 2012ರಲ್ಲಿ ಹೆಂಡ್ರಿಕ್ ಪೋರ್ಟರ್ ಅನ್ನೋ ಸಸ್ಯ ವಿಜ್ಞಾನಿ ಮತ್ತವರ ಜೊತೆಗಾರರು 65 ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ್ರು, ಕುಂಡದ ಗಾತ್ರ ಎರಡರಷ್ಟು ಮಾಡಿದ್ರೆ ಗಿಡದ ಒಟ್ಟು ಬೆಳವಣಿಗೆ ಸರಾಸರಿ 43 ಪರ್ಸೆಂಟ್ ಜಾಸ್ತಿ ಆಗತ್ತೆ ಅಂತ ಬಂತು. ಇದು ಬೇರೆಬೇರೆ ಜಾತಿ ಗಿಡಗಳ ಸರಾಸರಿ, ಮೆಣಸಿನ ಗಿಡದ್ದೇ ಲೆಕ್ಕ ಅಲ್ಲ. ಆದ್ರೂ ಚಿಕ್ಕ ಡಬ್ಬದಲ್ಲಿ ಗಿಡ ಕುಳ್ಳಗೇ ಉಳಿಯತ್ತೆ ಅನ್ನೋದಕ್ಕೆ ಇದಕ್ಕಿಂತ ಪ್ರೂಫ್ ಬೇಕಿಲ್ಲ. ಗೊಬ್ಬರ ಸುರಿದು ಇದನ್ನ ಗೆಲ್ಲಕ್ಕೆ ಹೋಗ್ಬೇಡಿ. ಡಬ್ಬಕ್ಕೆ ತಕ್ಕ ಮೆಣಸಿನ ತಳಿ ಆರಿಸ್ಕೊಳಿ, ಅದೇ ಸುಲಭ, ಅದರ ಬಗ್ಗೆ ಆಮೇಲೆ ಹೇಳ್ತೀನಿ.

ಮೊದಲು ಚಿಕ್ಕದು, ಪೇಪರ್ ಕಪ್ಪು ಮತ್ತೆ ಮೊಸರಿನ ಸಣ್ಣ ಡಬ್ಬ. ಬೀಜ ಮೊಳಕೆ ಬರಿಸೋಕೆ ಇದಕ್ಕೆ 5ಕ್ಕೆ 4, ಗಿಡ ಬೆಳೆಸೋಕೆ ಸೊನ್ನೆ. ಮೆಣಸಿನ ಬೀಜಕ್ಕೆ ಬೇಕಿರೋದು ಬೆಚ್ಚಗಿನ ಜಾಗ, 25ರಿಂದ 30 ಡಿಗ್ರಿ ಇದ್ರೆ ಒಂದು ವಾರ ಹತ್ತು ದಿನದಲ್ಲಿ ತಲೆ ಎತ್ತತ್ತೆ, 15ಕ್ಕಿಂತ ಕೆಳಗೆ ಹೋದ್ರೆ ಮಣ್ಣಲ್ಲೇ ಕೊಳೆಯೋ ಚಾನ್ಸೇ ಜಾಸ್ತಿ. ಹಬನೇರೋ ಥರದ ಬಹಳ ಖಾರದ ಮೆಣಸು ಇನ್ನೂ ಸೋಮಾರಿ, ಮೂರು ವಾರ ಆದ್ರೂ ಸುಮ್ನೆ ಕೂತಿರ್ತಾವೆ, ಬೀಜ ಸತ್ತೋಯ್ತು ಅಂತ ಕೆದಕಿ ನೋಡ್ಬೇಡಿ. ಚಿಕ್ಕ ಕಪ್ಪಿನ ಲಾಭ ಏನಂದ್ರೆ ಹತ್ತು ಕಪ್ಪು ಒಟ್ಟಿಗೆ ಒಂದು ಟ್ರೇನಲ್ಲಿಟ್ಟು ಬೆಚ್ಚಗಿರೋ ಕಡೆ ಇಡ್ಬಹುದು. ನಾಲ್ಕೋ ಆರೋ ಎಲೆ ಬರ್ತಿದ್ದ ಹಾಗೆ ಅಲ್ಲಿಂದ ಎತ್ತಲೇಬೇಕು. ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ ಇರತ್ತೆ, ಹಾಗೇ ಮಣ್ಣಲ್ಲಿ ಹೂತಿಟ್ರೆ ಕರಗತ್ತೆ ಅಂತ ಅನ್ಕೋಬೇಡಿ, ಹರಿದು ತೆಗೆದೇ ನೆಡಿ.

ಜ್ಯೂಸು, ಹಾಲು ಬರೋ ಒಂದು ಲೀಟರಿನ ರಟ್ಟಿನ ಪ್ಯಾಕೆಟ್ಟಿದ್ಯಲ್ಲ, ಅದು ನಂಗೆ ಅಚ್ಚರಿ ಕೊಟ್ಟ ಐಟಂ. ನೋಡೋಕೆ ಪೇಪರ್ರು, ಒಳಗೆ ರಟ್ಟು, ಪಾಲಿಥಿನ್, ತೆಳ್ಳಗಿನ ಅಲ್ಯೂಮಿನಿಯಂ ಹಾಳೆ ಎಲ್ಲ ಒಂದರ ಮೇಲೊಂದು ಅಂಟಿಸಿರ್ತಾರೆ, ತೂಕದಲ್ಲಿ ಮುಕ್ಕಾಲು ಭಾಗದಷ್ಟು ರಟ್ಟೇ. ಮೂರೂ ಪರೀಕ್ಷೆಯಲ್ಲಿ ಪಾಸು: ಎತ್ತರ ಇದೆ, ಬೆಳಕು ಒಂಚೂರೂ ಒಳಗೆ ಹೋಗಲ್ಲ, ರಟ್ಟಾಗಿರೋದ್ರಿಂದ ತಗಡಿನಷ್ಟು ಬೇಗ ಕಾಯಲ್ಲ. ಚೌಕಾಕಾರ ಇರೋದ್ರಿಂದ ಕಿಟಕಿ ಅಂಚಲ್ಲಿ ಸಾಲಾಗಿ ಜೋಡಿಸಿದ್ರೆ ಒಂದಿಂಚೂ ಜಾಗ ವೇಸ್ಟಾಗಲ್ಲ. ತೊಂದ್ರೆ ಏನು ಅಂದ್ರೆ ಆಯಸ್ಸು. ತೂತು ಮಾಡಿದ ಜಾಗದಲ್ಲಿ ರಟ್ಟು ನೀರು ಕುಡಿದು ಕುಡಿದು ಉಬ್ಬತ್ತೆ, ಪದರ ಬಿಚ್ಕೊಳತ್ತೆ, ಒಂದೆರಡು ತಿಂಗಳಾದ್ಮೇಲೆ ತಳ ಹಿಡಿದು ಎತ್ತಕ್ಕೇ ಭಯ. ಆದ್ರೆ ಸಸಿ ಬೇರೆ ಕಡೆ ಹಾಕೋ ಟೈಮಿಗೆ ಸರಿಯಾಗಿ ಕತ್ತರೀಲಿ ಪಕ್ಕದಿಂದ ಸೀಳಿದ್ರಾಯ್ತು, ಬೇರು ಒಂದೂ ಹರಿಯದೆ ಇಡೀ ಹೆಂಟೆ ಆಚೆ ಬರತ್ತೆ. ಸಸಿ ಬೆಳೆಸೋಕೆ 5ಕ್ಕೆ 4.5 ಕೊಡ್ತೀನಿ, ಅಷ್ಟು ಇಷ್ಟ ನಂಗಿದು.

ಈಗ ಬರೋಣ ಎಲ್ರೂ ಕೇಳೋ ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟ್ಲಿಗೆ. ಅಮೆರಿಕದ ನಥಾನಿಯಲ್ ವೈತ್ ಅನ್ನೋ ಇಂಜಿನಿಯರ್ 1973ರಲ್ಲಿ ಪೆಟ್ ಬಾಟ್ಲಿಗೆ ಪೇಟೆಂಟ್ ತಗೊಂಡಿದ್ದು, ಗ್ಯಾಸ್ ಇರೋ ಪಾನೀಯದ ಒತ್ತಡ ತಡ್ಕೊಳೋ ಪ್ಲಾಸ್ಟಿಕ್ ಬಾಟ್ಲಿ ಬೇಕು ಅನ್ನೋದು ಆತನ ತಲೆಲಿದ್ದ ಸಮಸ್ಯೆ, ಗಿಡ ಅಲ್ಲ, ಅದು ಬಳಸ್ತಾ ಬಳಸ್ತಾ ಗೊತ್ತಾಗತ್ತೆ. ಪಾರದರ್ಶಕ, ಅಂದ್ರೆ ಬೆಳಕು ನೇರ ಬೇರಿಗೆ. ಒಂದೆರಡು ವಾರದಲ್ಲಿ ಒಳಗೋಡೆಗೆ ಹಸಿರು ಪಾಚಿ, ಬೇರು ಬೆಳಕಿಗೆ ಹೆದರಿ ಮಧ್ಯಕ್ಕೆ ಮುದುಡ್ಕೊಳತ್ತೆ. ಆದ್ರೆ ಇದೇ ಬಾಟ್ಲೀನ ಸರಿಯಾಗಿ ಕತ್ತರಿಸಿ ಬಳಸಿದ್ರೆ, ಈ ಪಟ್ಟೀಲಿ ತಾನೇ ನೀರು ಕುಡಿಯೋ ಏಕೈಕ ಐಟಂ ಇದು, ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಬಾಟ್ಲೀನ ನಡುವಿಗಿಂತ ಸ್ವಲ್ಪ ಕೆಳಗೆ ಕತ್ತರಿಸಿ, ಮೇಲಿನ ಭಾಗಾನ ತಲೆಕೆಳಗು ಮಾಡಿ ಕೆಳಗಿನ ಭಾಗದೊಳಗೆ ಕೂರಿಸಿ. ಮುಚ್ಚಳದಲ್ಲಿ ಒಂದು ತೂತು, ಅದರಲ್ಲಿ ಒಂದು ಬಟ್ಟೆ ಬತ್ತಿ, ಬತ್ತಿಯ ಕೆಳತುದಿ ನೀರಲ್ಲಿ, ಮೇಲ್ತುದಿ ಮಣ್ಣೊಳಗೆ ಅರ್ಧದವರೆಗೂ. ಬತ್ತಿ ಹತ್ತೀದು ಬೇಡ, ಮಣ್ಣಲ್ಲಿ ಸದಾ ಒದ್ದೆ ಇದ್ದು ಕೆಲವೇ ತಿಂಗಳಲ್ಲಿ ಕೊಳೆತು ಕಟ್ಟಾಗತ್ತೆ, ಗೊತ್ತೇ ಆಗಲ್ಲ, ಕೆಳಗೆ ನೀರಿದೆ ಮೇಲೆ ಗಿಡ ಬಾಡ್ತಿದೆ ಯಾಕಪ್ಪ ಅಂತ ತಲೆ ಕೆಡಿಸ್ಕೋತೀರ. ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ದಾರ, ಹಳೇ ಟೀಶರ್ಟಿನ ಸಿಂಥೆಟಿಕ್ ಪಟ್ಟಿ ಬಾಳಿಕೆ ಬರತ್ತೆ. ಮೊದಲ ಸಲ ಮೇಲಿನಿಂದ ಚೆನ್ನಾಗಿ ನೀರು ಹಾಕಿ ಮಣ್ಣು ಬತ್ತಿ ಎರಡೂ ನೆನೆಸ್ಬೇಕು, ಒಣಗಿದ ಬತ್ತಿ ಒಣಗಿದ ಮಣ್ಣಿಗೆ ನೀರು ಎಳ್ಕೊಡಲ್ಲ. ಮೈಗೆ ಸುತ್ತ ದಪ್ಪ ಕಾಗದ, ಹಳೇ ಕಾಲುಚೀಲ, ಬಣ್ಣ, ಏನಾದ್ರೂ ಒಂದು ಹೊದಿಸಿ, ನೀರಿನ ಮಟ್ಟ ನೋಡೋಕೆ ಬೆರಳಗಲ ಗೀಟು ಬಿಟ್ರೆ ಸಾಕು.

ಇದರಲ್ಲಿ ಯಾರೂ ಬಾಯಿ ಬಿಡದ ಮೂರು ಮಾತು. ಒಂದು, ಹೆಸರಿಗೆ ಎರಡು ಲೀಟರ್ ಬಾಟ್ಲಿ, ಕತ್ತರಿಸಿದ್ಮೇಲೆ ಮಣ್ಣು ಹಿಡಿಯೋದು ಸುಮಾರು ಒಂದೇ ಲೀಟರ್ ಕಣ್ರೀ, ಉಳಿದಿದ್ದು ನೀರಿನ ಟ್ಯಾಂಕು. ಎರಡು, ನೀರು ಯಾವಾಗ್ಲೂ ಕೆಳಗಿಂದ ಮೇಲಕ್ಕೆ ಹೋಗೋದ್ರಿಂದ ಗೊಬ್ಬರದ ಉಪ್ಪೆಲ್ಲ ಮೇಲ್ಮೈಗೆ ಬಂದು ಬಿಳಿ ಪೊರೆ ಕಟ್ಟತ್ತೆ, ತಿಂಗಳಿಗೊಂದ್ಸಲ ಮೇಲಿನಿಂದ ಧಾರಾಳ ನೀರು ಹಾಕಿ ಕೆಳಗೆ ಬಂದಿದ್ದನ್ನ ಚೆಲ್ಬೇಕು. ಮೂರು ಸೊಳ್ಳೆ. ಮೇಲಿನ ಭಾಗ ಕೆಳಗಿನದ್ರಲ್ಲಿ ಬಿಗಿಯಾಗಿ ಕೂರದೆ ಸಂದಿ ಉಳಿದ್ರೆ ಒಳಗೆ ಸೊಳ್ಳೆ ಮೊಟ್ಟೆ ಇಡತ್ತೆ, ಬೆಚ್ಚಗಿನ ನೀರಲ್ಲಿ ಮೊಟ್ಟೆಯಿಂದ ರೆಕ್ಕೆ ಬರೋವರೆಗೆ ಒಂದು ವಾರ ಹತ್ತು ದಿನ ಸಾಕು. ಸಂದೀನ ಟೇಪ್ ಹಾಕಿ ಮುಚ್ಚಿ, ಅಥವಾ ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ಬದಲಾಯಿಸಿ. ಗಿಡಕ್ಕೆ ದಿನಾ ನೀರು ಹಾಕೋಕೆ ಪುರ್ಸೊತ್ತಿಲ್ಲದವರು, ಎರಡು ಮೂರು ದಿನ ಊರಿಗೆ ಹೋಗೋರು ಇದನ್ನೇ ಮಾಡ್ಕೊಳಿ. ಕುಳ್ಳ ತಳಿಗಳಿಗೆ 5ಕ್ಕೆ 4, ಬೇರೆಯವಕ್ಕೆ 2.

ಅದೇ ಬಾಟ್ಲೀನ ಅಡ್ಡ ಮಲಗಿಸಿ, ಹೊಟ್ಟೆ ಸೀಳಿ, ಹಗ್ಗ ಕಟ್ಟಿ ಗೋಡೆ ತುಂಬ ನೇತು ಹಾಕೋ ಫ್ಯಾಶನ್ ಇದೆ ನೋಡಿ, ಫೋಟೋದಲ್ಲಿ ಎಷ್ಟು ಚೆಂದವೋ ಮೆಣಸಿಗೆ ಅಷ್ಟೇ ಅನ್ಯಾಯ. ಮಲಗಿದ ಬಾಟ್ಲೀಲಿ ಮಣ್ಣಿನ ಆಳ ಹತ್ತು ಸೆಂಟಿಮೀಟರೂ ಸಿಗಲ್ಲ, ಕೆಸರಿನ ಲೆಕ್ಕ ಆಗ್ಲೇ ಹೇಳಿದ್ದೀನಲ್ಲ, ಅರ್ಧ ಒದ್ದೆ, ಉಳಿದರ್ಧ ಮಧ್ಯಾಹ್ನಕ್ಕೆ ಒಣಗಿ ಬಿರುಕು. ಸೊಪ್ಪು ಬೆಳ್ಕೊಳಿ ಅದರಲ್ಲಿ, ಬೇಡ ಅನ್ನಲ್ಲ. ಮೆಣಸಿಗೆ 5ಕ್ಕೆ 1, ಅದೂ ಕಷ್ಟಪಟ್ಟಿದ್ದಕ್ಕೆ. ತಲೆಕೆಳಗಾಗಿ ನೇತಾಡಿಸಿ ತಳದಿಂದ ಗಿಡ ಬರಿಸೋದಂತೂ ಸರ್ಕಸ್ಸು, ಗಿಡ ಮತ್ತೆ ಮೇಲಕ್ಕೆ ತಿರುಗಿ ಬಾಟ್ಲೀನೇ ತಬ್ಕೊಳತ್ತೆ, ಹಾಕಿದ ನೀರು ಎಲೆ ಮೇಲೆ ಸುರಿಯತ್ತೆ, ಅದಕ್ಕೆ ಮಾರ್ಕ್ಸ್ ಕೊಡೋ ಪ್ರಶ್ನೇನೇ ಇಲ್ಲ.

ತಗಡಿನ ಡಬ್ಬ ಅಂದ್ರೆ ಹಲವರಿಗೆ ಮೋಹ, ಹಳೇ ಕಾಲದ ಲುಕ್ಕು. ಅದು ಉಕ್ಕಿನ ಹಾಳೆ ಮೇಲೆ ತೆಳ್ಳಗೆ ತವರದ ಲೇಪ, ಮೊಳೆ ಹೊಡೆದು ತೂತು ಮಾಡಿದ ತಕ್ಷಣ ಅಲ್ಲಿ ಲೇಪ ಹೋಯ್ತು, ತುಕ್ಕು ಅಲ್ಲಿಂದಾನೇ ಶುರು. ತುಕ್ಕಿನಿಂದ ಗಿಡಕ್ಕೆ ದೊಡ್ಡ ನಷ್ಟ ಏನಿಲ್ಲ, ನೆಲ ಕಲೆ ಆಗತ್ತೆ ಅಷ್ಟೇ. ನಿಜವಾದ ತಕರಾರು ಬಿಸಿಲಿಂದು. ಚಿಕ್ಕ ತಗಡಿನ ಡಬ್ಬ ನೇರ ಬಿಸಿಲಲ್ಲಿ ಮುಟ್ಟಕ್ಕಾಗದಷ್ಟು ಕಾಯತ್ತೆ, ಗೋಡೆಗೆ ಅಂಟಿದ ಬೇರು ಬೆಂದು ಹೋಗತ್ತೆ, ಮೇಲೆ ನೋಡಿದ್ರೆ ಗಿಡ ಬಾಯಾರಿ ಬಾಡಿದ ಹಾಗೇ ಕಾಣತ್ತೆ, ನಾವು ಇನ್ನಷ್ಟು ನೀರು ಹಾಕ್ತೀವಿ, ಬೆಂದ ಬೇರಿಗೆ ಕೆಸರೂ ಸೇರಿ ಕತೆ ಮುಗೀತು. ಬೆಳಗಿನ ಬಿಸಿಲು ಮಾತ್ರ ಬೀಳೋ ಜಾಗ ಇದ್ರೆ, ಅಥವಾ ಡಬ್ಬದ ಹೊರಗೆ ಇನ್ನೊಂದು ದೊಡ್ಡ ಡಬ್ಬ ನೆರಳಿಗೆ ಇಟ್ರೆ ಪರವಾಗಿಲ್ಲ. 5ಕ್ಕೆ 2. ಅಂಚು ಹರಿತ ಇರತ್ತೆ, ಕೈ ಹುಷಾರು.

ಈ ಸಾಲಿನ ಹೀರೋ ಐದು ಲೀಟರ್ ಅಡುಗೆ ಎಣ್ಣೆ ಕ್ಯಾನು. ಮಂದ ಬಿಳಿ ಅಥವಾ ಬಣ್ಣದ್ದು, ಹಿಡಿ ಇರೋದು. ತಳ ತಿರುಗಿಸಿ ನೋಡಿದ್ರೆ ತ್ರಿಕೋನದೊಳಗೆ 2 ಅಂತ ಇರತ್ತೆ, ಎಚ್‌ಡಿಪಿಇ ಅಂತ. ಈ ತ್ರಿಕೋನದ ನಂಬರುಗಳು 1988ರಲ್ಲಿ ಬಂದಿದ್ದು, ಯಾವ ಥರದ ಪ್ಲಾಸ್ಟಿಕ್ ಅಂತ ಗುರುತು ಹಿಡಿಯೋಕೆ ಮಾತ್ರ, ತ್ರಿಕೋನ ಇದ್ದ ಮಾತ್ರಕ್ಕೆ ಅದು ಮರುಬಳಕೆ ಆಗೇ ಆಗತ್ತೆ ಅಂತಲ್ಲ. 1 ಅಂದ್ರೆ ಪೆಟ್, ಅದೇ ಕೂಲ್‌ಡ್ರಿಂಕ್ಸ್ ಬಾಟ್ಲಿದು, 2 ಎಚ್‌ಡಿಪಿಇ, 5 ಪಾಲಿಪ್ರೊಪಿಲೀನು. ನಮ್ಮ ಕೆಲ್ಸಕ್ಕೆ 2 ಮತ್ತೆ 5 ಒಳ್ಳೇದು, ದಪ್ಪಗಿರತ್ತೆ, ಬೆಳಕು ಕಮ್ಮಿ ಬಿಡತ್ತೆ. ಎಣ್ಣೆ ಕ್ಯಾನಿನ ಮೇಲ್ಭಾಗ ಹಿಡಿ ಉಳಿಸ್ಕೊಂಡು ಕತ್ತರಿಸಿದ್ರೆ ಬಿಸಿಲು ತಿರುಗಿದ ಕಡೆ ಎತ್ಕೊಂಡು ಹೋಗ್ಬಹುದು, ಈ ಅನುಕೂಲ ದುಡ್ಡು ಕೊಟ್ಟು ತಂದ ಕುಂಡದಲ್ಲೂ ಇರಲ್ಲ. ಒಳಗಿನ ಎಣ್ಣೆ ಜಿಡ್ಡು ಮಾತ್ರ ಬಿಸಿನೀರು ಸೋಪು ಹಾಕಿ ಎರಡು ಸಲ ತೊಳೀಬೇಕು, ಇಲ್ಲಾಂದ್ರೆ ಇರುವೆ ಸಾಲು ಹಿಡ್ಕೊಂಡು ಬರತ್ತೆ. ತೂತು ತಳದಲ್ಲಿ ನಾಲ್ಕೈದು, ಜೊತೆಗೆ ಪಕ್ಕದ ಗೋಡೇಲಿ ತಳದಿಂದ ಬೆರಳಗಲ ಮೇಲೆ ಒಂದೆರಡು, ಯಾಕಂದ್ರೆ ತಳದ ತೂತು ನೆಲಕ್ಕೆ ಒತ್ಕೊಂಡು ಮುಚ್ಚೋಗತ್ತೆ. ಬಿಸಿ ಮೊಳೆಯಿಂದ ತೂತು ಮಾಡೋದಾದ್ರೆ ಗಾಳಿ ಆಡೋ ಕಡೆ ಮಾಡಿ, ಆ ಹೊಗೆ ಕುಡೀಬೇಡಿ. ಗಿಡ ಚೆನ್ನಾಗಿ ಬುಡ ಊರತ್ತೆ, ಸಾಧಾರಣ ಸೈಜಿನ ಖಾರದ ತಳಿಗಳಿಗೆ ಸಾಕಾಗೋಷ್ಟು ಮಣ್ಣು ಹಿಡಿಯತ್ತೆ. 5ಕ್ಕೆ 5 ಕೊಡ್ಬೇಕು ಅಂತಿದ್ದೆ, ಅರ್ಧ ಕಟ್ ಮಾಡ್ತೀನಿ. ಕ್ಯಾನಿನ ನಾಲ್ಕು ಮೂಲೆ ಇರೋ ಆಕಾರ ಮಣ್ಣಿನ ಭಾರಕ್ಕೆ ಹೊಟ್ಟೆ ಬಿಡತ್ತೆ, ನೋಡೋಕೆ ಚೆಂದ ಇರಲ್ಲ. ಹೊರಗೆ ಒಂದು ಸುತ್ತು ದಾರ ಕಟ್ಟಿದ್ರೆ ನಿಲ್ಲತ್ತೆ.

ಪೇಂಟ್ ಬಕೆಟ್ ಬಗ್ಗೆ ಕೇಳೇ ಕೇಳ್ತೀರ. ಹತ್ತು ಲೀಟರಿನದು ಸಿಕ್ಕಿದ್ರೆ ಇಳುವರಿಯಲ್ಲಿ ಎಲ್ಲದರಪ್ಪ, ಆದ್ರೆ ಅದು ಚಿಕ್ಕ ಡಬ್ಬ ಅನ್ನೋ ಲೆಕ್ಕಕ್ಕೆ ಬರಲ್ಲ, ಜೊತೆಗೆ ನಾವು ತಿನ್ನೋ ಕಾಯಿಗೆ ನಾನು ಪೇಂಟ್ ಇದ್ದ ಡಬ್ಬ ಬಳಸಲ್ಲ, ತಿನ್ನೋ ಪದಾರ್ಥ ಬಂದ ಡಬ್ಬ ಮಾತ್ರ ಅನ್ನೋ ನಿಯಮ ಹಾಕ್ಕೊಂಡಿದ್ದೀನಿ. ಕೀಟನಾಶಕ, ಇಂಜಿನ್ ಆಯಿಲ್, ಥಿನ್ನರ್ ಇದ್ದ ಡಬ್ಬ ಎಷ್ಟು ತೊಳೆದ್ರೂ ಬೇಡವೇ ಬೇಡ. ಬೇಕರಿ, ಹೋಟೆಲಿನವರ ಹತ್ರ ಖಾಲಿ ಬಕೆಟ್ ಕೇಳಿದ್ರೆ ಸುಮ್ನೆ ಕೊಡ್ತಾರೆ. ಥರ್ಮೋಕೋಲ್ ಪೆಟ್ಟಿಗೆ ಸಿಕ್ಕಿದ್ರೆ ಬಿಡ್ಬೇಡಿ, ಅದರಷ್ಟು ಬೇರನ್ನ ತಂಪಾಗಿಡೋದು ಇನ್ನೊಂದಿಲ್ಲ, ಆದ್ರೆ ಅಂಚು ಉದುರಿ ಬಿಳಿ ಕಾಳು ಎಲ್ಲ ಕಡೆ ಹಾರತ್ತೆ, ಅದನ್ನ ನೋಡಿದ್ರೇ ನಂಗೆ ಕಿರಿಕಿರಿ, 3.5. ಹೆಣೆದ ಪ್ಲಾಸ್ಟಿಕ್ ಚೀಲ ಒಂದು ಬೇಸಿಗೆಗೇ ಪುಡಿಪುಡಿ ಆಗಿ ದಾರದ ಎಳೆ ಮಣ್ಣಲ್ಲಿ ಬೆರೆಯತ್ತೆ, ಬೇಡ.

ಸರಿ, ಈಗ ತಳಿ. ಜಗತ್ತಲ್ಲಿ ಬೆಳೆಸೋ ಮೆಣಸಿನಲ್ಲಿ ಮುಖ್ಯವಾಗಿ ಐದು ಜಾತಿ ಇವೆ, ಅವುಗಳಲ್ಲಿ ಚಿಕ್ಕ ಡಬ್ಬಕ್ಕೆ ಹೆಚ್ಚು ಹೊಂದೋದು ಕ್ಯಾಪ್ಸಿಕಮ್ ಆನುಮ್ ಜಾತಿಯ ಕುಳ್ಳ ಅಲಂಕಾರಿಕ ತಳಿಗಳು. ನ್ಯೂಮೆಕ್ಸ್ ಟ್ವೈಲೈಟ್ ಅಂತ ನ್ಯೂ ಮೆಕ್ಸಿಕೋ ಸ್ಟೇಟ್ ಯುನಿವರ್ಸಿಟಿ ಅವರದ್ದೊಂದಿದೆ, ಕಾಯಿ ನೇರಳೆಯಿಂದ ಹಳದಿ, ಕಿತ್ತಳೆ, ಕೆಂಪು ಹೀಗೆ ಬಣ್ಣ ಬದಲಾಯಿಸ್ತಾ ಹೋಗತ್ತೆ, ಒಂದೇ ಗಿಡದಲ್ಲಿ ಎಲ್ಲ ಬಣ್ಣಾನೂ ಒಟ್ಟಿಗೆ ಇರತ್ತೆ. ಪ್ರೈರಿ ಫೈರ್, ಅಪಾಚೆ ಇವೂ ಕುಳ್ಳವೇ. ಅಲಂಕಾರಿಕ ಅಂದ ಮಾತ್ರಕ್ಕೆ ಸಪ್ಪೆ ಅನ್ಕೋಬೇಡಿ, ನಾಲಿಗೆ ಸುಡೋಷ್ಟು ಖಾರ ಇರ್ತಾವೆ. ಕಾಯಿ ಚಿಕ್ಕದಿದ್ದಷ್ಟೂ ಚಿಕ್ಕ ಡಬ್ಬಕ್ಕೆ ಸರಿ, ಯಾಕಂದ್ರೆ ದೊಡ್ಡ ಕಾಯಿ ತುಂಬಿಸೋಕೆ ನೀರು ಗೊಬ್ಬರ ಎರಡೂ ಒಂದೇ ಸಮ ಬೇಕು, ಒಂದು ಲೀಟರ್ ಮಣ್ಣಲ್ಲಿ ಅದು ಆಗದ ಮಾತು. ಹಲಪೆನ್ಯೋ ಥರದ್ದಕ್ಕೆ ಐದು ಲೀಟರ್ ಕ್ಯಾನು ಕಡೇ ಮಿತಿ. ಇನ್ನು ದಾಖಲೆ ಖಾರದ ಹುಚ್ಚಿರೋರು ಇರ್ತಾರೆ, ಕೆರೊಲಿನಾ ರೀಪರ್, 2023ರಲ್ಲಿ ಸರಾಸರಿ 26,93,000 ಸ್ಕೋವಿಲ್ (ಖಾರದ ಅಳತೆ) ಅಂತ ಗಿನ್ನೆಸ್ ದಾಖಲೆ ಆದ ಪೆಪ್ಪರ್ ಎಕ್ಸ್, ಈ ಕಡೆಯವರು. ರೀಪರ್ ಥರದ್ದೆಲ್ಲ ಕ್ಯಾಪ್ಸಿಕಮ್ ಚೈನೆನ್ಸ್ ಕಡೆಯವು, ಹರಡ್ಕೊಂಡು ಪೊದೆ ಆಗ್ತಾವೆ, ಕಾಯಿ ಹಣ್ಣಾಗೋಕೆ ತಿಂಗಳುಗಟ್ಲೆ ತಗೋತಾವೆ, ಬಾಟ್ಲೀಲಿ ಹಾಕಿದ್ರೆ ಮೂರು ಕಾಯಿ ಕೊಟ್ಟು ಸುಮ್ನಾಗ್ತಾವೆ. ಹೋಲಿಕೆಗೆ ಹೇಳೋದಾದ್ರೆ ಹಲಪೆನ್ಯೋ 2,500ರಿಂದ 8,000 ಸ್ಕೋವಿಲ್ ಅಷ್ಟೇ. ಈ ಅಳತೆ ವಿಲ್ಬರ್ ಸ್ಕೋವಿಲ್ ಅನ್ನೋರು 1912ರಲ್ಲಿ ಮಾಡಿದ್ದು, ಆಗ ಮನುಷ್ಯರ ನಾಲಿಗೆ ಮೇಲೇ ಟೆಸ್ಟು, ಸಕ್ಕರೆ ನೀರಲ್ಲಿ ಎಷ್ಟು ತೆಳು ಮಾಡಿದ್ರೆ ಖಾರ ಗೊತ್ತಾಗಲ್ಲ ಅಂತ ನೋಡ್ತಿದ್ರು, ಪಾಪ.

ಡಬ್ಬದ ಗಿಡದ ಕಾಯಿ ಜಾಸ್ತಿ ಖಾರ ಅಂತಾರಲ್ಲ, ಅದರಲ್ಲಿ ಸ್ವಲ್ಪ ಹುರುಳಿದೆ. ನೀರಿನ ಕೊರತೆ ಆದಾಗ ಬಹಳ ತಳಿಗಳಲ್ಲಿ ಖಾರ ಕೊಡೋ ಅಂಶ, ಅಂದ್ರೆ ಕ್ಯಾಪ್ಸೈಸಿನ್ ಹೆಚ್ಚಾಗತ್ತೆ, ಆದ್ರೆ ಎಲ್ಲ ತಳೀಲೂ ಒಂದೇ ಥರ ಅಲ್ಲ, ಜೊತೆಗೆ ಕಾಯಿಯ ಸಂಖ್ಯೆ ಗಾತ್ರ ಎರಡೂ ಇಳಿಯತ್ತೆ. ಬೇಕಂತ ಒಣಗಿಸಿ ಖಾರ ಬರಿಸೋ ಶೋಕಿ ಚಿಕ್ಕ ಡಬ್ಬದಲ್ಲಿ ಬೇಡ, ಅಲ್ಲಿ ಬೇಕಂತಿಲ್ಲದೇನೇ ಒಣಗತ್ತೆ. ಅಂದಹಾಗೆ ಖಾರ ತಯಾರಾಗೋದು ಬೀಜದಲ್ಲಲ್ಲ, ಬೀಜ ಅಂಟಿರೋ ಬಿಳಿ ತಿರುಳಲ್ಲಿ.

ಒಳಗೆ ಏನು ತುಂಬೋದು ಅನ್ನೋದೂ ಡಬ್ಬದಷ್ಟೇ ಮುಖ್ಯ. ಬರೀ ತೋಟದ ಮಣ್ಣು ಚಿಕ್ಕ ಡಬ್ಬದಲ್ಲಿ ಇಟ್ಟಿಗೆ ಆಗತ್ತೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಸ್ವಲ್ಪ ದಪ್ಪ ಮರಳೋ ಪರ್ಲೈಟ್ ಅನ್ನೋ ಹಗುರ ಬಿಳಿ ಕಲ್ಲಿನ ಕಾಳೋ, ಈ ಮಿಕ್ಸ್ ಸಾಕು. ಕೋಕೋಪೀಟನ್ನ ಚೆನ್ನಾಗಿ ತೊಳೆದೇ ಹಾಕಿ, ಉಪ್ಪಿನಂಶ ಇರತ್ತೆ, ಮತ್ತೆ ಅದು ಕ್ಯಾಲ್ಸಿಯಂ ಹಿಡಿದಿಟ್ಕೊಂಡು ಗಿಡಕ್ಕೆ ಕೊಡೋಕೆ ಜಿಪುಣತನ ಮಾಡತ್ತೆ. ಕಾಯಿ ತುದಿ ಕಪ್ಪಾಗಿ ಕೊಳೆತ ಹಾಗೆ ಆಗೋದು ನೋಡಿರ್ತೀರಲ್ಲ, ಅದು ರೋಗ ಅಲ್ಲ, ಕಾಯಿ ತುದಿಗೆ ಕ್ಯಾಲ್ಸಿಯಂ ತಲುಪದೇ ಇರೋದು. ಬಹಳ ಸಲ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದೇ ಇರತ್ತೆ, ಒಂದಿನ ಒಣಗಿಸಿ ಒಂದಿನ ಮುಳುಗಿಸಿ ಮಾಡಿದ್ರೆ ನೀರಿನ ಜೊತೆ ಅದು ಹರಿದು ಬರಲ್ಲ. ಬತ್ತಿ ಬಾಟ್ಲೀಲಿ ಈ ತೊಂದ್ರೆ ಕಮ್ಮಿ, ನೀರು ಒಂದೇ ಸಮ ಸಿಗತ್ತಲ್ಲ. ಗೊಬ್ಬರ ದ್ರವರೂಪದ್ದು, ಡಬ್ಬದ ಮೇಲೆ ಬರೆದಿರೋದ್ರಲ್ಲಿ ಅರ್ಧ ಪ್ರಮಾಣ, ವಾರಕ್ಕೊಂದ್ಸಲ. ಸಾರಜನಕ ಜಾಸ್ತಿ ಕೊಟ್ರೆ ಎಲೆ ಕಡು ಹಸಿರು, ಹೂ ಮಾತ್ರ ನಾಪತ್ತೆ.

ಹೂ ಉದುರೋದು ಇನ್ನೊಂದು ಗೋಳು. ಹಗಲು 33-35 ಡಿಗ್ರಿ ದಾಟಿದ್ರೆ, ಅಥವಾ ರಾತ್ರಿ 15ಕ್ಕಿಂತ ಕೆಳಗೆ ಹೋದ್ರೆ ಮೆಣಸಿನ ಹೂ ಕಾಯಿ ಕಟ್ಟದೆ ಬೀಳತ್ತೆ, ಅದಕ್ಕೆ ಡಬ್ಬಾನ ಬೈದು ಪ್ರಯೋಜನ ಇಲ್ಲ. ಆದ್ರೆ ಬೇರು ಕಾದ್ರೂ ಹೀಗೇ ಆಗತ್ತೆ, ಕಪ್ಪು ಡಬ್ಬಕ್ಕೆ ಸುಣ್ಣವೋ ಬಿಳಿ ಬಟ್ಟೆಯೋ ಹೊದಿಸಿ ನೋಡಿ. ಒಂದೇ ಹೂವಲ್ಲಿ ಗಂಡು ಹೆಣ್ಣು ಎರಡೂ ಇರೋದ್ರಿಂದ ಜೇನಿಗೆ ಕಾಯಬೇಕಿಲ್ಲ, ಗಾಳಿ ಬರದ ಕಿಟಕಿ ಒಳಗಿಟ್ಟಿದ್ರೆ ಬೆಳಿಗ್ಗೆ ಕೊಂಬೆಗೆ ಬೆರಳಿಂದ ಎರಡು ಸಲ ಟಪ್ ಟಪ್ ಅನ್ಸಿದ್ರೆ ಆಯ್ತು. ಚಿಗುರು ಮುದುಡಿದ್ರೆ ಎಲೆ ತಿರುಗಿಸಿ ನೋಡಿ, ಥ್ರಿಪ್ಸೋ ಮೈಟ್ಸೋ ಅನ್ನೋ ರಸ ಹೀರೋ ಸಣ್ಣ ಹುಳ ಇರೋ ಚಾನ್ಸ್ ಜಾಸ್ತಿ, ಮೈಟ್ಸ್ ಅಂತೂ ಬರಿಗಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಡಬ್ಬದ ಗಿಡದ ದೊಡ್ಡ ಪ್ಲಸ್ ಪಾಯಿಂಟ್ ಇಲ್ಲೇ ಇರೋದು, ಹುಳ ಬಿದ್ದ ಒಂದನ್ನ ಎತ್ತಿ ದೂರ ಇಟ್ರೆ ಉಳಿದವು ಬಚಾವು, ಗಿಡಾನೇ ಓರೆ ಮಾಡಿ ಎಲೆ ಕೆಳಭಾಗಕ್ಕೆ ಜೋರಾಗಿ ನೀರು ಹಾಯಿಸ್ಬಹುದು.

ಇನ್ನು ಪ್ಲಾಸ್ಟಿಕ್ ಡಬ್ಬಗಳ ಆಯಸ್ಸಿನ ಬಗ್ಗೆ. ಇವೆಲ್ಲ ಬಿಸಿಲಲ್ಲಿ ವರ್ಷಗಟ್ಲೆ ಇರ್ಲಿ ಅಂತ ಮಾಡಿದ್ದಲ್ಲ, ಕಪಾಟಲ್ಲಿ ಕೂತಿದ್ದು ಖಾಲಿ ಆಗ್ಲಿ ಅಂತ ಮಾಡಿದ್ದು. ಮೊಸರಿನ ಡಬ್ಬ ಮೊದಲು ಬಿರಿಯತ್ತೆ, ಆಮೇಲೆ ಬಾಟ್ಲಿ, ಎಣ್ಣೆ ಕ್ಯಾನು ಸ್ವಲ್ಪ ಹೆಚ್ಚು ದಿನ. ಅಂಚನ್ನ ಬೆರಳಲ್ಲಿ ಒತ್ತಿದಾಗ ಬಾಗದೆ ಚಟ್ ಅಂದ್ರೆ ಅದರ ಕಾಲ ಮುಗೀತು, ಚೂರಾಗೋ ಮುಂಚೆ ಗಿಡಾನ ಬೇರೆ ಕ್ಯಾನಿಗೆ ಹಾಕಿ, ಹಳೇದನ್ನ ಇಡಿಯಾಗೇ ರೀಸೈಕ್ಲಿಂಗಿಗೆ ಕೊಡಿ. ಮೆಣಸಿನ ಗಿಡ ಒಂದೇ ಬೆಳೆಗೆ ಸಾಯೋದಲ್ಲ, ಮಂಜು ಹಿಡಿಯದ ಜಾಗದಲ್ಲಿ ಹಲವು ವರ್ಷ ಬದುಕತ್ತೆ, ಹಾಗಾಗಿ ಕ್ಯಾನು ಬದಲಾಯಿಸೋ ದಿನ ಕೊಂಬೆ ಮೂರನೇ ಒಂದು ಭಾಗಕ್ಕೆ ಕತ್ತರಿಸಿ, ಸುತ್ತಿ ಸುತ್ತಿ ಗಟ್ಟಿಯಾಗಿರೋ ಹೊರಬೇರನ್ನ ಸ್ವಲ್ಪ ಕೆರೆದು ತೆಗೆದು, ಹೊಸ ಮಿಕ್ಸ್ ತುಂಬಿ ನೆಡಿ. ಒಂದು ವಾರ ನೆರಳಲ್ಲಿಡಿ, ಚಿಗುರು ಬರೋವರೆಗೂ ಗೊಬ್ಬರ ಹಾಕ್ಬೇಡಿ.